ಹಾರಿಯೂ ತೆಲುಗಿನ ಪಾರವೂ ಒಂದೇ ಪದವೇ?

ಪ್ರಶ್ನೆ: ಯಾದಗಿರಿಯ ಗುರುಮಠಕಲ್ ಕಡೆ ‘ಹಾರಿ’ ಅಂದರೆ ಕಲ್ಲು ಎಬ್ಬಿಸುವ ಉದ್ದನೆಯ ಕಬ್ಬಿಣದ ಸಾಮಾನು. ಗಡಿ ದಾಟಿ ನಾರಾಯಣಪೇಟೆಗೆ ಹೋದರೆ ‘ಪಾರ’ ಅಂದರೆ ಮಣ್ಣು ಎಳೆಯುವ ಸಲಿಕೆ. ಎರಡೂ ಒಂದೇ ಪದವೇ?

ಉತ್ತರ: ಒಂದೇ. ಹಾರಿಯ ಹಳೆಯ ರೂಪ ‘ಪಾರೆ’. ಪದದ ಮೊದಲ ಪಕಾರ ಕನ್ನಡದಲ್ಲಿ ಸುಮಾರು 10ನೇ ಶತಮಾನದಿಂದ ಹಕಾರಕ್ಕೆ ತಿರುಗತೊಡಗಿತು. ಪಾಲ್ ಹಾಲಾಯಿತು, ಪುಲಿ ಹುಲಿಯಾಯಿತು, ಪಾರೆ ಹಾರೆಯಾಯಿತು. ತೆಲುಗು ಆ ದಾರಿ ಹಿಡಿಯಲಿಲ್ಲ, ಅಲ್ಲಿ ಇಂದಿಗೂ ಪಾಲು, ಪುಲಿ, ಪಾರ. ಕೊನೆಯ ಎಕಾರ ಇಕಾರವಾದದ್ದು ನಮ್ಮ ಆಡುಮಾತಿನ ರೂಢಿ: ಮನೆ ಮನಿಯಾದಂತೆ, ಸಲಿಕೆ ಸಲಿಕಿಯಾದಂತೆ.

ಅರ್ಥ ಸರಿದದ್ದು ಯಾವ ಕಡೆ? ತಮಿಳಿನ ‘ಪಾರೈ’, ಮಲಯಾಳದ ‘ಪಾರ’ ಎರಡೂ ನಮ್ಮ ಹಾರಿಯೇ. ಹೀಗಾಗಿ ಸರಿದದ್ದು ತೆಲುಗಿನಲ್ಲಿ ಎನ್ನುವುದೇ ಸರಿ ಕಾಣುತ್ತದೆ. ಅದು ಅಷ್ಟು ದೂರದ ಜಿಗಿತವೂ ಅಲ್ಲ. ಹಾರಿ ಬರೀ ಚುಚ್ಚುವುದಿಲ್ಲ, ಮೀಟಿ ಎತ್ತುತ್ತದೆ ಕೂಡ. ಶಹಾಬಾದ್ ಫರಸಿ ಪದರ ಪದರವಾಗಿರುವ ಕಲ್ಲು. ಸಂದಿಗೆ ಹಾರಿಯ ಚಪ್ಪಟೆ ಬಾಯಿ ತೂರಿಸಿ ಮೀಟಿದರೆ ಹಲಗೆಯಂತೆ ಏಳುತ್ತದೆ. ಬೇಸಿಗೆಯಲ್ಲಿ ಕಲ್ಲಾದ ಎರೆಮಣ್ಣಿಗೆ ಬೇಕಾದದ್ದು ಇನ್ನೊಂದು ತುದಿಯ ಮೊನೆ.

ತೆಲುಗಿನವರು ಹಾರಿಗೆ ‘ಗಡ್ಡಪಾರ’ ಎನ್ನುತ್ತಾರೆ. ಹಳೆಯ ಅರ್ಥ ಆ ಜೋಡುಪದದಲ್ಲಿ ಇನ್ನೂ ಉಳಿದಿದೆ. ತೆಲುಗು ಮೇಸ್ತ್ರಿಯ ಹತ್ತಿರ ಹಾರಿ ಬೇಕಾದರೆ ಗಡ್ಡಪಾರ ಎಂದೇ ಕೇಳಿ. ಬರೀ ಪಾರ ಅಂದರೆ ಕೈಗೆ ಬರುವುದು ಸಲಿಕಿ.

ಹಾರಿ ಎಂದೊಡನೆ ‘ಹಾರು’ ನೆನಪಾಗುತ್ತದೆ: ಕಲ್ಲಿಗೆ ಬಡಿದರೆ ಕಿಡಿ ಹಾರುತ್ತದಲ್ಲ! ಆದರೆ ನಂಟಿಲ್ಲ. ಜಿಗಿಯುವ ‘ಪಾಱು’ವಿಗೆ ಹಳಗನ್ನಡದಲ್ಲಿ ಶಕಟರೇಫ (ಈಗ ಬಳಕೆ ತಪ್ಪಿದ ಱ ಅಕ್ಷರ), ಪಾರೆಗೆ ಸಾದಾ ರಕಾರ. ತಮಿಳಿನಲ್ಲಿ ಈ ಭೇದ ಬರವಣಿಗೆಯಲ್ಲಿ ಇಂದೂ ಇದೆ: ‘ಪಾರೈ’ ಹಾರೆ, ‘ಪಾಱೈ’ ಬಂಡೆ. ಬಂಡೆ ಎಬ್ಬಿಸುವುದರಿಂದ ಆ ಹೆಸರು ಬಂತು ಎಂಬ ಊಹೆಯೂ ಇಲ್ಲೇ ಬಿದ್ದುಹೋಗುತ್ತದೆ.

ಬೀದರ್ ಕಡೆ ಕೇಳುವ ‘ಸಬ್ಬಲ್’ ಹಿಂದಿ-ಉರ್ದುವಿನಲ್ಲಿ ಹಾರಿಯ ಹೆಸರು. ‘ಟಿಕಾವ’ ಬೇರೆ ಸಾಮಾನು, ಮರಾಠಿಯಿಂದ ಬಂದ ಮಾತು; ಅದನ್ನೇ ಉಳಿದ ಕಡೆ ‘ಪಿಕಾಸಿ’ ಎನ್ನುವುದು ಇಂಗ್ಲಿಷಿನ ಪಿಕ್‌ಆಕ್ಸ್‌ನಿಂದ. ಗುದ್ದಲಿಯದು ತಿರುಗುಮುರುಗಾದ ನಡೆ: ತೆಲುಗಿನಲ್ಲೂ ಗುದ್ದಲಿ, ಸಂಸ್ಕೃತದಲ್ಲಿ ಕುದ್ದಾಲ, ಮರಾಠಿಯಲ್ಲಿ ಕುದಳ. ಸಂಸ್ಕೃತವೇ ಇದನ್ನು ದ್ರಾವಿಡದಿಂದ ಪಡೆಯಿತು ಎಂಬುದು ಹಲವು ಭಾಷಾಶಾಸ್ತ್ರಜ್ಞರ ಅಭಿಪ್ರಾಯ.