ಓದುಗರ ಪ್ರಶ್ನೆ: ಬೆಳಕು ಹಾಯಿಸಿ ಕ್ಯಾನ್ಸರ್ ಸುಡಬಹುದಾದರೆ ಕಿಮೋ ಯಾಕೆ ಬೇಕು?

ಪ್ರಶ್ನೆ: ಬೆಳಕು ಬಿದ್ದರೆ ಕ್ಯಾನ್ಸರ್ ಕೊಲ್ಲುವ ನ್ಯಾನೋ ಕಣಗಳು ಬಂದಿವೆ ಅಂತ ಪೇಪರಿನಲ್ಲಿ ಓದಿದೆ. ಹಾಗಾದರೆ ಮುಂದೆ ಕಿಮೋ ಬೇಡವಾ? ಅಷ್ಟಕ್ಕೂ ದೇಹದ ಒಳಗಿರುವ ಗಡ್ಡೆಗೆ ಬೆಳಕು ಹೋಗೋದು ಹೇಗೆ?

ಉತ್ತರ: ಎರಡನೇ ಪ್ರಶ್ನೆಯನ್ನೇ ಮೊದಲು ತಗೊಳ್ಳೋಣ. ಮೊದಲನೆಯದಕ್ಕೆ ಉತ್ತರ ಅದರಲ್ಲೇ ಇದೆ.

ರಾತ್ರಿ ಲೈಟ್ ಆರಿಸಿ, ಮೊಬೈಲ್ ಟಾರ್ಚ್ ಹಚ್ಚಿ, ಅದರ ಮೇಲೆ ಬೆರಳಿನ ತುದಿ ಒತ್ತಿ ನೋಡಿ. ಬೆರಳು ಕೆಂಪಗೆ ಹೊಳೆಯುತ್ತದೆ. ಟಾರ್ಚಿನ ಬೆಳಕು ಬಿಳಿ, ಅಲ್ವಾ? ಅದರೊಳಗಿನ ನೀಲಿ, ಹಸಿರನ್ನು ರಕ್ತ ನುಂಗಿತು. ಕೆಂಪು ಮಾತ್ರ ಆಚೆ ಬಂತು. ಬೆರಳಿನ ಬದಲು ಅಂಗೈ ಇಟ್ಟರೆ ಆ ಕೆಂಪೂ ಮಂಕಾಗುತ್ತದೆ. ಕೆಂಪು ಮುಗಿದು ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಶುರುವಾಗುವ ಕಡೆ, ಸುಮಾರು 700ರಿಂದ 900 ನ್ಯಾನೋಮೀಟರ್ (ಒಂದು ನ್ಯಾನೋಮೀಟರ್ ಅಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು) ತರಂಗಾಂತರದ ಬೆಳಕನ್ನು ರಕ್ತವೂ ನೀರೂ ಕಡಿಮೆ ಹೀರುತ್ತವೆ. ಅದು ಇನ್ನೊಂಚೂರು ಆಳಕ್ಕೆ ಹೋಗುತ್ತದೆ. ಆದರೆ ಅದರ ಆಟವೂ ಒಂದೆರಡು ಸೆಂಟಿಮೀಟರ್ ಒಳಗೇ ಮುಗಿಯುತ್ತದೆ.

ಹಾಗಾಗಿ ಹೊಟ್ಟೆಯ ಮೇಲಿನಿಂದ ಲೇಸರ್ ಹಿಡಿದು ಲಿವರಿನ ನಡುವಿನ ಗಡ್ಡೆ ಸುಡೋಕೆ ಆಗುವುದಿಲ್ಲ. ಚರ್ಮಕ್ಕೆ, ಬಾಯಿಗೆ ನೇರವಾಗಿ ಬೆಳಕು ಬಿಡಬಹುದು. ಅನ್ನನಾಳ, ಶ್ವಾಸನಾಳ, ಮೂತ್ರಕೋಶಕ್ಕೆ ಎಂಡೋಸ್ಕೋಪಿನ ಜೊತೆ ಬೆಳಕು ಒಯ್ಯುವ ಕೂದಲೆಳೆಯಂಥ ಫೈಬರ್ ಕಳಿಸಬೇಕು. ಅದಕ್ಕೂ ಆಳದಲ್ಲಿದ್ದರೆ ಸೂಜಿ ಚುಚ್ಚಿ, ಅದರ ಮೂಲಕ ಫೈಬರನ್ನು ಗಡ್ಡೆಯೊಳಗೇ ಇಡಬೇಕು.

ಬೆಳಕಿನ ಚಿಕಿತ್ಸೆ ಹೊಸದೇನಲ್ಲ. 1900ರಲ್ಲಿ ಮ್ಯೂನಿಕ್‌ನಲ್ಲಿ ಆಸ್ಕರ್ ರಾಬ್ ಎಂಬ ವಿದ್ಯಾರ್ಥಿ ತಾನು ಗಮನಿಸಿದ ಒಂದು ವಿಷಯ ಪ್ರಕಟಿಸಿದ. ಆಕ್ರಿಡಿನ್ ಎಂಬ ಬಣ್ಣದಲ್ಲಿಟ್ಟ ಸೂಕ್ಷ್ಮಜೀವಿಗಳು ಬೆಳಕಿದ್ದಾಗ ಬೇಗ ಸಾಯುತ್ತಿದ್ದವು, ಬೆಳಕು ಕಡಿಮೆಯಿದ್ದಾಗ ಜಾಸ್ತಿ ಹೊತ್ತು ಬದುಕುತ್ತಿದ್ದವು. ಇದೇ ತತ್ವದ ಮೇಲೆ ನಿಂತ ಫೋಟೋಫ್ರಿನ್ ಎಂಬ ಔಷಧಿಗೆ 1993ರಲ್ಲಿ ಕೆನಡಾದಲ್ಲಿ, 1995ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಬೆಳಕು ಬಿದ್ದಾಗ ಔಷಧಿ ಆ ಶಕ್ತಿಯನ್ನು ಪಕ್ಕದ ಆಮ್ಲಜನಕಕ್ಕೆ ದಾಟಿಸುತ್ತದೆ. ಕೆರಳಿದ ಆಮ್ಲಜನಕ ಜೀವಕೋಶವನ್ನು ಹಾಳು ಮಾಡುತ್ತದೆ. ಇದರದ್ದೊಂದು ಕಾಟವಿದೆ. ಔಷಧಿ ಚರ್ಮದಲ್ಲೂ ಉಳಿಯುತ್ತದೆ, ಆದ್ದರಿಂದ ರೋಗಿ ಕನಿಷ್ಠ 30 ದಿನ ಬಿಸಿಲಿಗೆ ಮೈ ಒಡ್ಡುವಂತಿಲ್ಲ. ಸನ್‌ಸ್ಕ್ರೀನ್ ಹಚ್ಚಿಕೊಂಡರೂ ಪ್ರಯೋಜನವಿಲ್ಲ. ಅದು ತಡೆಯುವುದು ಅಲ್ಟ್ರಾವಯಲೆಟ್ ಕಿರಣವನ್ನು, ಇಲ್ಲಿ ಸುಡುವುದು ಮಾಮೂಲಿ ಬೆಳಕು.

ಇನ್ನೊಂದು ದಾರಿ ಬಿಸಿಯದ್ದು. ಹ್ಯೂಸ್ಟನ್‌ನ ರೈಸ್ ವಿಶ್ವವಿದ್ಯಾಲಯದಲ್ಲಿ ನವೋಮಿ ಹ್ಯಾಲಸ್ ಮತ್ತು ಜೆನಿಫರ್ ವೆಸ್ಟ್ ಸಿಲಿಕಾ ಉಂಡೆಗೆ ತೆಳ್ಳಗೆ ಚಿನ್ನದ ಲೇಪ ಕೊಟ್ಟ ಕಣಗಳ ಮೇಲೆ ಕೆಲಸ ಮಾಡಿದರು. ಲೇಪದ ದಪ್ಪ ಸರಿಯಾಗಿದ್ದರೆ ಕಣ ಇನ್‌ಫ್ರಾರೆಡ್ ಬೆಳಕನ್ನು ಹೀರಿ ಬಿಸಿಯಾಗುತ್ತದೆ. ಇದು ಮನುಷ್ಯರವರೆಗೂ ಬಂದಿದೆ. 2019ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಪ್ರಾಸ್ಟೇಟ್ ಕ್ಯಾನ್ಸರಿನ 16 ಗಂಡಸರಿದ್ದರು. ಮೊದಲು ಕಣಗಳನ್ನು ಡ್ರಿಪ್‌ನಲ್ಲಿ ಕೊಟ್ಟರು. ಮಾರನೇ ದಿನ ಗ್ರಂಥಿಯೊಳಗೆ ಫೈಬರ್ ಇಟ್ಟು ಲೇಸರ್ ಬಿಟ್ಟರು. 15 ಜನರಲ್ಲಿ ಚಿಕಿತ್ಸೆ ಪೂರ್ತಿಯಾಯಿತು. ವರ್ಷದ ನಂತರ ಸುಟ್ಟ ಜಾಗದ ಬಯಾಪ್ಸಿಯಲ್ಲಿ 13 ಜನರಿಗೆ ಕ್ಯಾನ್ಸರ್ ಕಾಣಲಿಲ್ಲ. ಒಳ್ಳೆಯ ಸುದ್ದಿಯೇ. ಆದರೆ ಇವರೆಲ್ಲರ ಕ್ಯಾನ್ಸರ್ ಗ್ರಂಥಿಯಿಂದ ಆಚೆ ಹರಡಿರಲಿಲ್ಲ ಅನ್ನುವುದನ್ನು ಹೆಡ್‌ಲೈನ್ ಹೇಳುವುದಿಲ್ಲ.

ಈಗ ನಿಮ್ಮ ಮೊದಲ ಪ್ರಶ್ನೆ. ಬೆಳಕು ಬಿದ್ದ ಜಾಗದಲ್ಲಿ ಮಾತ್ರ ಬೆಳಕಿನ ಚಿಕಿತ್ಸೆ. ರಕ್ತದಲ್ಲಿ ತೇಲಿ ಮೂಳೆಗೋ ಶ್ವಾಸಕೋಶಕ್ಕೋ ಹೋದ ಜೀವಕೋಶಗಳನ್ನು ಅದು ಹುಡುಕಿಕೊಂಡು ಹೋಗಲಾರದು. ಕಿಮೋ ಹೋಗುತ್ತದೆ. ಅದಕ್ಕೇ ಲ್ಯಾಬ್‌ಗಳಲ್ಲಿ ಎರಡನ್ನೂ ಒಂದೇ ಕಣದಲ್ಲಿ ಸೇರಿಸುವ ಪ್ರಯತ್ನ ನಡೆದಿದೆ.

ಜೊತೆ ಮಾಡಲು ಬೇರೆ ಕಾರಣಗಳೂ ಇವೆ. ಗಡ್ಡೆಯ ನಡುವೆ ರಕ್ತದ ಓಡಾಟ ಕಡಿಮೆ, ಆಮ್ಲಜನಕವೂ ಕಡಿಮೆ. ಅಲ್ಲಿ ಫೋಟೋಫ್ರಿನ್ ಥರದ್ದು ಸೋಲುತ್ತದೆ. ಬಿಸಿಗೆ ಆಮ್ಲಜನಕದ ಹಂಗಿಲ್ಲ. ಇನ್ನು 42 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಹದವಾದ ಬಿಸಿಗೆ ಗಡ್ಡೆಯ ರಕ್ತನಾಳಗಳು ಸಡಿಲಾಗುತ್ತವೆ. ಕಿಮೋ ಔಷಧಿ ಒಳಗೆ ಜಾಸ್ತಿ ಇಳಿಯುತ್ತದೆ. ಆ ಬಿಸಿಗೇ ಒಡೆದುಕೊಂಡು ಡಾಕ್ಸೋರುಬಿಸಿನ್‌ನಂಥ ಕಿಮೋ ಔಷಧಿ ಬಿಡುವ ಕೊಬ್ಬಿನ ಗುಳ್ಳೆಗಳನ್ನೂ ಮಾಡಿದ್ದಾರೆ. ಬಿಸಿ ತಾಗಿಯೂ ಅಂಚಿನಲ್ಲಿ ಉಳಿದ ಜೀವಕೋಶಗಳು ತಮ್ಮನ್ನು ಕಾಪಾಡಿಕೊಳ್ಳುವ ಪ್ರೋಟೀನು ತಯಾರಿಸಿಕೊಂಡು ಗಟ್ಟಿಯಾಗಿಬಿಡುತ್ತವೆ. ಬಿಸಿಯೊಂದನ್ನೇ ನಂಬಿದರೆ ಅವು ಮತ್ತೆ ಬೆಳೆಯಬಹುದು. ಔಷಧಿ ಅಲ್ಲೇ ಇದ್ದರೆ ಅವಕ್ಕೆ ಪುರುಸೊತ್ತು ಸಿಗುವುದಿಲ್ಲ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜಯಪ್ರಕಾಶ್ ಮತ್ತು ಅಶೋಕ್ ರಾಯಚೂರ್ ಅವರ ತಂಡ ಚಿನ್ನ ಮತ್ತು ಕಾಪರ್ ಸಲ್ಫೈಡ್ ಸೇರಿಸಿ 8 ನ್ಯಾನೋಮೀಟರಿಗಿಂತ ಚಿಕ್ಕ ಕಣ ಮಾಡಿದೆ. ಬೆಳಕು ಬಿದ್ದರೆ ಅದು ಬಿಸಿಯನ್ನೂ ಕೊಡುತ್ತದೆ, ಆಮ್ಲಜನಕವನ್ನೂ ಕೆರಳಿಸುತ್ತದೆ. ಜೊತೆಗೆ ಅಲ್ಟ್ರಾಸೌಂಡ್ ಹೊರಡಿಸಿ ಗಡ್ಡೆ ಎಲ್ಲಿದೆ ಅಂತಲೂ ತೋರಿಸಬಲ್ಲದು. ಪರೀಕ್ಷೆ ನಡೆದಿರುವುದು ಲ್ಯಾಬಿನಲ್ಲಿ ಬೆಳೆಸಿದ ಶ್ವಾಸಕೋಶ ಮತ್ತು ಗರ್ಭಕೊರಳಿನ ಕ್ಯಾನ್ಸರ್ ಜೀವಕೋಶಗಳ ಮೇಲೆ. ರೋಗಿಗಳ ಮೇಲಲ್ಲ.

ನನ್ನ ಕೇಳಿದರೆ, ಬೆಳಕಿಗಿಂತ ದೊಡ್ಡ ತಲೆನೋವು ಕಣಗಳನ್ನು ಗಡ್ಡೆಗೆ ತಲುಪಿಸುವುದು. ಟೊರಾಂಟೊದ ತಂಡವೊಂದು 10 ವರ್ಷಗಳ ಪ್ರಯೋಗಗಳನ್ನು ಒಟ್ಟು ಮಾಡಿ 2016ರಲ್ಲಿ ಲೆಕ್ಕ ಹಾಕಿತು. ರಕ್ತಕ್ಕೆ ಬಿಟ್ಟ ಕಣಗಳಲ್ಲಿ ಗಡ್ಡೆ ಸೇರಿದ್ದರ ಮಧ್ಯಾಂಕ ಬರೀ 0.7%. ಉಳಿದದ್ದರಲ್ಲಿ ಬಹಳಷ್ಟು ಲಿವರು, ಗುಲ್ಮದ ಪಾಲು. ಬೆಳಕಿನ ಕಣಕ್ಕೆ ಇಲ್ಲೊಂದು ಅನುಕೂಲವಿದೆ: ಲಿವರಿನ ಕತ್ತಲಲ್ಲಿ ಅದು ಸುಮ್ನೆ ಕೂತಿರುತ್ತದೆ. ಅದರ ಹೊಟ್ಟೆಯಲ್ಲಿ ಕಿಮೋ ಔಷಧಿ ತುಂಬಿದ್ದು ಸೋರಿದರೆ ಮಾತ್ರ ಆ ಅನುಕೂಲ ಹೋಯಿತು.

ಮನೆಯಲ್ಲಿ ಯಾರಿಗಾದರೂ ಈಗ ಕಿಮೋ ನಡೆಯುತ್ತಿದ್ದರೆ, ಇದಕ್ಕಾಗಿ ಕಾದು ಅದನ್ನು ನಿಲ್ಲಿಸಬೇಡಿ. ಯಾರಾದರೂ "ನ್ಯಾನೋ ಲೈಟ್ ಥೆರಪಿ" ಅಂತ ಲಕ್ಷಗಟ್ಟಲೆ ಕೇಳಿದರೆ ಸಿಟಿಆರ್‌ಐ (ಔಷಧಿ ಪ್ರಯೋಗಗಳನ್ನು ದಾಖಲಿಸುವ ಭಾರತದ ಸರ್ಕಾರಿ ಪಟ್ಟಿ) ನೋಂದಣಿ ನಂಬರ್ ಕೊಡಿ ಅನ್ನಿ. ನಮ್ಮ ದೇಶದಲ್ಲಿ ಹೊಸ ಔಷಧಿಯನ್ನು ರೋಗಿಗಳ ಮೇಲೆ ಪ್ರಯೋಗಿಸುವವರು ಅಲ್ಲಿ ಮೊದಲೇ ನೋಂದಾಯಿಸಬೇಕು. ಆ ನಂಬರ್ ಹಾಕಿ ಹುಡುಕಿದರೆ ಯಾವ ಕ್ಯಾನ್ಸರಿಗೆ, ಎಷ್ಟು ಜನರ ಮೇಲೆ, ಯಾವ ಆಸ್ಪತ್ರೆಯಲ್ಲಿ ಪ್ರಯೋಗ ಅಂತ ಯಾರು ಬೇಕಾದರೂ ಓದಬಹುದು.