ಕಾರ್ಪಲ್ ಟನಲ್: ಮಣಿಕಟ್ಟಿನೊಳಗಿನ ಇಕ್ಕಟ್ಟಾದ ದಾರಿ

ಮುಂಗೈ ಮುಗಿದು ಅಂಗೈ ಆರಂಭವಾಗುವಲ್ಲಿ, ಮಣಿಕಟ್ಟಿನ ಒಳಮಗ್ಗುಲಿಗೆ ಇರುವ ಕಿರಿದಾದ ಸುರಂಗವನ್ನು ವೈದ್ಯರು ಕಾರ್ಪಲ್ ಟನಲ್ ಎನ್ನುತ್ತಾರೆ. ಇದರ ಹೆಸರನ್ನು ಹೊತ್ತ ತೊಂದರೆಯೇ ಹೆಚ್ಚು ಪರಿಚಿತವಾಗಿರುವುದರಿಂದ ಇದನ್ನು ಒಂದು ಕಾಯಿಲೆಯೆಂದು ತಿಳಿದವರುಂಟು. ವಾಸ್ತವವಾಗಿ ಇದು ಎಲ್ಲರ ಎರಡೂ ಕೈಗಳಲ್ಲಿರುವ ಸಹಜ ರಚನೆ.

ಮಣಿಕಟ್ಟಿನಲ್ಲಿ ಇಂಥ ದಾರಿ ಏಕೆ ಬೇಕು ಎಂಬುದನ್ನು ತಿಳಿಯಲು ಬೆರಳುಗಳಿಂದಲೇ ಆರಂಭಿಸಬೇಕು. ಬೆರಳಿನೊಳಗೆ ಮೂಳೆ, ಸ್ನಾಯುರಜ್ಜು (ಸ್ನಾಯುವನ್ನು ಮೂಳೆಗೆ ಜೋಡಿಸುವ ಹುರಿ), ನರ, ರಕ್ತನಾಳಗಳಿವೆಯೇ ಹೊರತು ಅದನ್ನು ಬಲವಾಗಿ ಮಡಚುವ ಸ್ನಾಯುಗಳಿಲ್ಲ. ಅವು ಇರುವುದು ಮುಂಗೈಯಲ್ಲಿ. ಮೊಣಕೈಗಿಂತ ತುಸು ಕೆಳಗೆ, ಮುಂಗೈಯ ಒಳಭಾಗದ ಮೇಲೆ ಇನ್ನೊಂದು ಕೈಯನ್ನಿಟ್ಟು ಮುಷ್ಟಿ ಬಿಗಿದರೆ ಚರ್ಮದಡಿಯಲ್ಲಿ ಅವು ಗಟ್ಟಿಯಾಗುವುದು ಗೊತ್ತಾಗುತ್ತದೆ. ಆ ಎಳೆತ ಬೆರಳಿಗೆ ತಲುಪಬೇಕಾದರೆ ಸ್ನಾಯುರಜ್ಜುಗಳು ಮಣಿಕಟ್ಟನ್ನು ದಾಟಲೇಬೇಕು. ಹೀಗೆ ದಾಟುವ ರಜ್ಜುಗಳಲ್ಲಿ ನಾಲ್ಕು ಬೆರಳುಗಳಿಗೆ ಎರಡೆರಡರಂತೆ 8, ಹೆಬ್ಬೆರಳಿಗೆ 1, ಒಟ್ಟು 9 ಈ ಸುರಂಗದಲ್ಲೇ ಸಾಗುತ್ತವೆ.

ಮಣಿಕಟ್ಟಿನ 8 ಪುಟ್ಟ ಮೂಳೆಗಳು ಎರಡು ಸಾಲಾಗಿ, ಅಂಗೈಯ ಕಡೆಗೆ ತಗ್ಗಾದ ಕಮಾನಿನಂತೆ ಜೋಡಣೆಗೊಂಡಿವೆ. ಆ ತಗ್ಗೇ ಸುರಂಗದ ತಳ. ಕಮಾನಿನ ಎರಡು ಅಂಚುಗಳ ನಡುವೆ ಅಡ್ಡಲಾಗಿ ಬಿಗಿದಿರುವ ದಪ್ಪನೆಯ ಅಸ್ಥಿರಜ್ಜು, ಅಂದರೆ ಮೂಳೆಯನ್ನು ಮೂಳೆಗೆ ಕಟ್ಟುವ ಪಟ್ಟಿ, ಅದರ ಚಾವಣಿ. ಕಿರುಬೆರಳಿನ ಬದಿಯಲ್ಲಿ, ಅಂಗೈಯ ಬುಡದಲ್ಲಿ ಕೈಗೆ ಸಿಗುವ ಬಟಾಣಿ ಗಾತ್ರದ ಮೂಳೆ ಈ ಚಾವಣಿ ಅಂಟಿಕೊಂಡಿರುವ ಜಾಗಗಳಲ್ಲಿ ಒಂದು.

ಸ್ನಾಯುರಜ್ಜುಗಳ ಜೊತೆಗೆ ಇಲ್ಲಿ ಹೆಬ್ಬೆರಳ ಕಡೆಯ ಬೆರಳುಗಳ ಸ್ಪರ್ಶವನ್ನು ನೋಡಿಕೊಳ್ಳುವ ಮೀಡಿಯನ್ ನರವೂ ಹಾದುಹೋಗುತ್ತದೆ. ಸುರಂಗದ ಗೋಡೆಗಳು ಹೆಚ್ಚು ಹಿಗ್ಗುವಂಥವಲ್ಲ. ಗರ್ಭಾವಸ್ಥೆ, ಥೈರಾಯ್ಡ್ ಕೊರತೆ, ಸಂಧಿವಾತದಂಥ ಸ್ಥಿತಿಗಳಲ್ಲಿ ಒಳಗಿನ ಅಂಗಾಂಶ ಊದಿಕೊಂಡರೆ, ಆ ಒತ್ತಡವನ್ನು ರಜ್ಜುಗಳು ತಾಳಿಕೊಂಡರೂ ನರ ತಾಳಲಾರದು. ಹೆಬ್ಬೆರಳು, ತೋರುಬೆರಳು, ನಡುಬೆರಳು ಮತ್ತು ಉಂಗುರಬೆರಳಿನ ಅರ್ಧಭಾಗ ಜೋಮು ಹಿಡಿಯುತ್ತವೆ. ಕಿರುಬೆರಳಿನ ಸ್ಪರ್ಶವನ್ನು ನೋಡಿಕೊಳ್ಳುವ ಅಲ್ನಾರ್ ನರ ಸುರಂಗದ ಹೊರಗಿನಿಂದ ಸಾಗುವುದರಿಂದ ಆ ಬೆರಳಿಗೆ ಏನೂ ಆಗುವುದಿಲ್ಲ. ಇನ್ನೂ ಸೂಕ್ಷ್ಮವಾದ ಸಂಗತಿಯೆಂದರೆ, ಅಂಗೈಯ ಚರ್ಮಕ್ಕೆ ಹೋಗುವ ಮೀಡಿಯನ್ ನರದ ಕವಲು ಸುರಂಗಕ್ಕೆ ಮೊದಲೇ ಬೇರ್ಪಟ್ಟು ಚಾವಣಿಯ ಮೇಲಿನಿಂದ ಹಾಯುತ್ತದೆ; ಆದ್ದರಿಂದ ಬೆರಳುಗಳು ಮರಗಟ್ಟಿದರೂ ಅಂಗೈಯ ನಡುಭಾಗದ ಸ್ಪರ್ಶ ಸಾಮಾನ್ಯವಾಗಿ ಉಳಿದಿರುತ್ತದೆ. ನರ ಎಲ್ಲಿ ಅದುಮಲ್ಪಟ್ಟಿದೆ ಎಂಬುದನ್ನು ಊಹಿಸಲು ಇಷ್ಟು ಸ್ಪಷ್ಟವಾದ ಸುಳಿವು ದೇಹದಲ್ಲಿ ಅಪರೂಪವೆಂದೇ ನನ್ನ ಭಾವನೆ.

ನಿದ್ದೆಯಲ್ಲಿ ಮಣಿಕಟ್ಟು ಮಡಚಿಕೊಂಡಾಗ ಸುರಂಗದೊಳಗಿನ ಒತ್ತಡ ಏರುವುದರಿಂದ ಜೋಮು ರಾತ್ರಿಯಲ್ಲಿ ಹೆಚ್ಚಾಗಿ ಕಾಡುತ್ತದೆ. ಮಣಿಕಟ್ಟನ್ನು ನೇರವಾಗಿ ಹಿಡಿದಿಡುವ ಪಟ್ಟಿಯನ್ನು ಮಲಗುವಾಗ ಕಟ್ಟಿಕೊಳ್ಳಲು ವೈದ್ಯರು ಹೇಳುವುದು ಇದಕ್ಕಾಗಿಯೇ. ಬಹುಕಾಲ ಕಡೆಗಣಿಸಿದರೆ ಹೆಬ್ಬೆರಳಿನ ಬುಡದ ಮಾಂಸದ ದಿಬ್ಬ ಸೊರಗುತ್ತದೆ, ಹಿಡಿತ ಸಡಿಲವಾಗುತ್ತದೆ. ಹಾಗಾಗುವ ಮೊದಲೇ, ಉಳಿದ ಉಪಾಯಗಳು ಫಲಿಸದಿದ್ದಲ್ಲಿ, ಶಸ್ತ್ರವೈದ್ಯರು ಚಾವಣಿಯಾಗಿರುವ ಅಸ್ಥಿರಜ್ಜುವನ್ನು ಕತ್ತರಿಸಿ ನರಕ್ಕೆ ಜಾಗ ಮಾಡಿಕೊಡುತ್ತಾರೆ.