ಕಿರ್ದಿ ಪುಸ್ತಕ ಕ್ಲೌಡಿನಲ್ಲಿ, ಕೀಲಿ ಯಾರ ಕೈಯಲ್ಲಿ?

ಗದಗದ ಕಾಲೇಜೊಂದರ ಸಭಾಂಗಣದಲ್ಲಿ ನಡೆದ ಸಾರ್ವಜನಿಕ ಕಾರ್ಯಕ್ರಮವೊಂದಕ್ಕೆ ರೋಣದ ಕಡೆಯ ಇಬ್ಬರು ರೈತರು ಬಂದು ಎರಡನೆಯ ಸಾಲಿನಲ್ಲಿ ಕುಳಿತಿದ್ದರು. ಸಂಘಟಕರು ಕನ್ನಡದ ಮೇಲಿನ ಅಭಿಮಾನದಿಂದ ಬ್ಯಾನರಿನಲ್ಲಿ ‘ಮೋಡ ಗಣನೆ: ಲಾಭ ಮತ್ತು ಭದ್ರತೆ’ ಎಂದು ಬರೆಸಿದ್ದರು, ಮಳೆ ಕೈಕೊಟ್ಟಿದ್ದ ಆ ದಿನಗಳಲ್ಲಿ ಇದು ಮೋಡ ಬಿತ್ತನೆಯ ಮಾತಿರಬೇಕೆಂದು ಅವರು ತಿಳಿದಿದ್ದರು. ವಿಷಯ ಕ್ಲೌಡ್ ಕಂಪ್ಯೂಟಿಂಗಿನದು, ಎಂದರೆ ದೂರದ ಕೇಂದ್ರಗಳಲ್ಲಿರುವ ಕಂಪ್ಯೂಟರುಗಳನ್ನು ಜಾಲದ ಮೂಲಕ ಬಾಡಿಗೆಗೆ ಬಳಸುವುದರದು, ಎಂದು ಗೊತ್ತಾದ ಮೇಲೂ ಅವರು ಎದ್ದು ಹೋಗಲಿಲ್ಲ. ‘ಉತಾರ ತಗಸಾಕ ಹೋದ್ರ ಸರ್ವರ್ ಇಲ್ಲ ಅಂತಾರಲ್ರೀ, ಆ ಸರ್ವರ್ ಎಲ್ಲಿರತೈತಿ ಅಂತ ಇವತ್ತರ ತಿಳೀಲಿ’ ಎಂದು ಅವರಲ್ಲಿ ಹಿರಿಯರು ಹೇಳಿದ್ದು ಉದ್ಘಾಟನಾ ಭಾಷಣಕ್ಕಿಂತ ಒಳ್ಳೆಯ ಪ್ರಸ್ತಾವನೆಯಾಗಿತ್ತು.

ಹುಬ್ಬಳ್ಳಿ, ಧಾರವಾಡ, ಗದಗಗಳಲ್ಲಿ ನಾನು ಇಂಥ ಹಲವು ಕಾರ್ಯಕ್ರಮಗಳಿಗೆ ಹೋಗಿದ್ದೇನೆ. ಹೆಚ್ಚಿನವುಗಳಲ್ಲಿ ಲಾಭಗಳ ಒಂದು ಪಟ್ಟಿ, ಅಪಾಯಗಳ ಒಂದು ಪಟ್ಟಿ ಪರದೆಯ ಮೇಲೆ ಹಾದುಹೋಗುತ್ತವೆ, ನಂತರ ಚಹಾ ಬರುತ್ತದೆ. ಗದಗದಲ್ಲಿ ಹಾಗಾಗದಿರಲು ಕಾರಣ ಅಲ್ಲಿಯ ಸಭಿಕರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳ, ಎಂದರೆ ಊರವರ ಬಾಯಲ್ಲಿ ‘ಸೊಸೈಟಿ’ಗಳ, ಕಾರ್ಯದರ್ಶಿಗಳು ಮತ್ತು ಗುಮಾಸ್ತರಾಗಿದ್ದರು. ದೇಶದ ಸುಮಾರು 63,000 ಸೊಸೈಟಿಗಳ ಲೆಕ್ಕಪತ್ರವನ್ನು ಕ್ಲೌಡ್ ಆಧಾರಿತ ಒಂದೇ ತಂತ್ರಾಂಶಕ್ಕೆ ತರುವ, 2,516 ಕೋಟಿ ರೂಪಾಯಿಗಳ ಯೋಜನೆಗೆ ಕೇಂದ್ರ ಸಂಪುಟ 2022ರ ಜೂನಿನಲ್ಲಿ ಒಪ್ಪಿಗೆ ನೀಡಿತ್ತು. ಕಿರ್ದಿ, ಖತಾವಣಿ ಬರೆದು ಕೈ ಸವೆಸಿದವರಿಗೆ ಇದು ಸಾಮಾನ್ಯ ಜ್ಞಾನದ ವಿಷಯವಲ್ಲ, ನಾಳೆಯ ಕೆಲಸ. ಗದಗ ಸಮೀಪದ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘವನ್ನು ಕಟ್ಟಿದ್ದನ್ನು ನೆನೆದ ಉಪನ್ಯಾಸಕರೊಬ್ಬರು, ಕ್ಲೌಡ್ ಎಂಬುದೂ ಕೂಡಿ ದುಡಿಯುವ ಸಹಕಾರವೇ ಎಂದರು. ಹೋಲಿಕೆ ಚೆನ್ನಾಗಿದೆ, ಆದರೆ ನಾನು ಅದನ್ನು ಪೂರ್ತಿ ಒಪ್ಪಲಾರೆ. ಸೊಸೈಟಿಯಲ್ಲಿ ಸದಸ್ಯನೇ ಒಡೆಯ. ಕ್ಲೌಡಿನಲ್ಲಿ ನಾವು ಬಾಡಿಗೆದಾರರು.

ಬಾಡಿಗೆ ಎಂಬ ಮಾತನ್ನೇ ಹಿಡಿದು ಹೋದರೆ ವಿಷಯ ಬೇಗ ಬಿಡಿಸಿಕೊಳ್ಳುತ್ತದೆ. ಮನೆಯಲ್ಲಿ ಮದುವೆ ಎಂದಾಗ ಐನೂರು ಜನರ ಅಡಿಗೆಗೆ ಬೇಕಾದ ಕೊಪ್ಪರಿಗೆಯನ್ನು ಯಾರೂ ಕೊಳ್ಳುವುದಿಲ್ಲ, ಗುಡಿಯಿಂದಲೋ ಬಾಡಿಗೆ ಅಂಗಡಿಯಿಂದಲೋ ತಂದು, ತಿಕ್ಕಿ ತೊಳೆದು ಮರಳಿಸುತ್ತಾರೆ. ಪರೀಕ್ಷೆಯ ಫಲಿತಾಂಶದ ದಿನ ಲಕ್ಷಾಂತರ ಮಂದಿ ಒಮ್ಮೆಲೇ ನೋಡುವ ಜಾಲತಾಣಕ್ಕೆ ಆ ಒಂದು ದಿನ ನೂರು ಯಂತ್ರ ಬೇಕಾದೀತು, ಉಳಿದ ದಿನಗಳಲ್ಲಿ ಎರಡು ಸಾಕು. ಕಂಪ್ಯೂಟರ್ ಶಕ್ತಿಯೂ ಟೆಲಿಫೋನಿನಂತೆ ಬಳಸಿದಷ್ಟಕ್ಕೆ ಹಣ ಕೊಡುವ ಸಾರ್ವಜನಿಕ ಸೇವೆಯಾಗಬಹುದೆಂದು ಅಮೆರಿಕದ ಕಂಪ್ಯೂಟರ್ ವಿಜ್ಞಾನಿ ಜಾನ್ ಮೆಕಾರ್ಥಿ 1961ರಲ್ಲೇ ಹೇಳಿದ್ದರು. ಅಮೆಜಾನ್ 2006ರಲ್ಲಿ ತನ್ನ ಸಂಗ್ರಹ ಮತ್ತು ಗಣನೆಯ ಸೇವೆಗಳನ್ನು ಹೀಗೆ ಬಾಡಿಗೆಗೆ ಬಿಟ್ಟ ಮೇಲೆ ಆ ಮಾತು ದೊಡ್ಡ ವ್ಯಾಪಾರವಾಯಿತು. ಇದನ್ನು ಸಾಧ್ಯವಾಗಿಸಿದ ತಂತ್ರ, ಒಂದೇ ದೊಡ್ಡ ಯಂತ್ರವನ್ನು ತಂತ್ರಾಂಶದ ಗೋಡೆಗಳಿಂದ ಹಲವು ಕಲ್ಪಿತ ಯಂತ್ರಗಳಾಗಿ ಭಾಗ ಮಾಡುವುದು. ಹುಬ್ಬಳ್ಳಿಯ ಹಳೆಯ ಚಾಳುಗಳಲ್ಲಿ ಒಂದೇ ಮಾಡಿನ ಕೆಳಗೆ ಹತ್ತು ಸಂಸಾರಗಳು ಹತ್ತು ಒಲೆ ಹೂಡಿದಂತೆ ಇದೂ ನಡೆಯುತ್ತದೆ, ಪಕ್ಕದ ಮನೆಯ ಜಗಳ ಮಾತ್ರ ಕೇಳಿಸುವುದಿಲ್ಲ.

ಇನ್ನು ಹಿರಿಯರ ಪ್ರಶ್ನೆ. ಸರ್ವರ್ ಆಕಾಶದಲ್ಲಿಲ್ಲ, ಜಾಲದ ನಕ್ಷೆ ಬರೆಯುವಾಗ ‘ಇದರಾಚೆಯ ವಿವರ ಬೇಡ’ ಎನ್ನುವಲ್ಲಿ ಎಂಜಿನಿಯರುಗಳು ಮೋಡದ ಗುರುತು ಹಾಕುತ್ತಿದ್ದರು, ಹೆಸರು ಅಲ್ಲಿಂದ ಅಂಟಿಕೊಂಡಿತು. ಮೈಕ್ರೋಸಾಫ್ಟ್ 2015ರಲ್ಲಿ ಪುಣೆ, ಚೆನ್ನೈ, ಮುಂಬೈಗಳಲ್ಲಿ, ಅಮೆಜಾನ್ 2016ರಲ್ಲಿ ಹಾಗೂ ಗೂಗಲ್ 2017ರಲ್ಲಿ ಮುಂಬೈಯಲ್ಲಿ ತಮ್ಮ ಕ್ಲೌಡ್ ಕೇಂದ್ರಗಳನ್ನು ತೆರೆದವು. ಸರ್ಕಾರಿ ಇಲಾಖೆಗಳಿಗೆಂದು ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ ‘ಮೇಘರಾಜ್’ 2014ರಿಂದ ಇದೆ. ಮಾಹಿತಿಯನ್ನು ಹೊತ್ತ ಬೆಳಕು ಕೇಬಲ್ಲಿನ ಗಾಜಿನ ಎಳೆಯೊಳಗೆ ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುವುದರಿಂದ ಹುಬ್ಬಳ್ಳಿಯಿಂದ ಮುಂಬೈಗೆ ಹೋಗಿ ಬರಲು ಅದಕ್ಕೆ ಸೆಕೆಂಡಿನ ಸಾವಿರದ ಆರೇಳು ಭಾಗ ಸಾಕು. ಆದ್ದರಿಂದ ‘ಸರ್ವರ್ ಇಲ್ಲ’ ಎಂದಾಗ ದೂರವನ್ನು ದೂರುವಂತಿಲ್ಲ. ಎಷ್ಟೋ ಸಲ ಸರ್ವರ್ ನಿಂತಲ್ಲೇ ನಿಂತಿರುತ್ತದೆ, ರಸ್ತೆ ಅಗೆದ ಜೆಸಿಬಿ ಕೇಬಲ್ ಕಡಿದಿರುತ್ತದೆ, ಇಲ್ಲವೇ ಒಮ್ಮೆಗೆ ನೂರು ಮಂದಿಯನ್ನಷ್ಟೇ ನೆನೆದು ಬರೆದ ತಂತ್ರಾಂಶಕ್ಕೆ ಸಾವಿರ ಮಂದಿ ನುಗ್ಗಿರುತ್ತಾರೆ. ಕ್ಲೌಡಿಗೆ ಹೋದ ಮಾತ್ರಕ್ಕೆ ಕೆಟ್ಟ ತಂತ್ರಾಂಶ ಒಳ್ಳೆಯದಾಗುವುದಿಲ್ಲ. ‘ಶೇ 99.9ರಷ್ಟು ಲಭ್ಯ’ ಎಂದು ಕಂಪನಿ ಬರೆದುಕೊಟ್ಟರೂ ಲೆಕ್ಕ ಹಾಕಿದರೆ ವರ್ಷಕ್ಕೆ ಎಂಟೂಮುಕ್ಕಾಲು ಗಂಟೆ ಬಾಗಿಲು ಮುಚ್ಚಲು ಅವಕಾಶ ಉಳಿಯುತ್ತದೆ, ಆ ಎಂಟೂಮುಕ್ಕಾಲು ಗಂಟೆ ಬೆಳೆಸಾಲದ ಕೊನೆಯ ದಿನವೇ ಬರಬಾರದೆಂದೇನೂ ಇಲ್ಲ.

ಆ ದಿನ ಸಭೆ ನಿಜವಾಗಿ ಎಚ್ಚರಗೊಂಡದ್ದು, ಯಂತ್ರ ಕೆಟ್ಟರೂ ಅದರಲ್ಲಿಟ್ಟ ಲೆಕ್ಕ ಹೇಗೆ ಉಳಿಯುತ್ತದೆಂದು ತೋರಿಸಲು ಒಬ್ಬ ಉಪನ್ಯಾಸಕಿ ನಾಲ್ಕು ರಟ್ಟಿನ ತುಂಡು ಹಿಡಿದು ವೇದಿಕೆಗೆ ಬಂದಾಗ. ಒಬ್ಬ ವಿದ್ಯಾರ್ಥಿಯ ಕೈಗೆ 27 ಎಂದು ಬರೆದ ರಟ್ಟು, ಇನ್ನೊಬ್ಬನಿಗೆ 45, ಮೂರನೆಯವಳಿಗೆ ಅವೆರಡರ ಮೊತ್ತವಾದ 72 ಕೊಟ್ಟರು. ಮುಂದಿನ ಸಾಲಿನಲ್ಲಿದ್ದವರೊಬ್ಬರನ್ನು ಕರೆದು ಯಾವುದಾದರೂ ಒಂದನ್ನು ಹರಿಯಿರಿ ಎಂದಾಗ ಅವರು 45ನ್ನು ಹರಿದರು. 72ರಲ್ಲಿ 27 ಕಳೆದು ಸಭೆಯೇ ಅದನ್ನು ಮರಳಿ ತಂದಿತು. ‘ಎರಡ ಹರದ್ರ ಹ್ಯಾಂಗ್ರಿ?’ ಎಂದು ಹಿಂದಿನಿಂದ ದನಿ ಬಂತು. ಅದಕ್ಕೇ ಕಾದಿದ್ದವರಂತೆ ಉಪನ್ಯಾಸಕಿ ನಾಲ್ಕನೆಯ ರಟ್ಟು ತೆಗೆದರು, ಅದರಲ್ಲಿ ಮೊದಲ ಸಂಖ್ಯೆಗೆ ಎರಡನೆಯದರ ಇಮ್ಮಡಿ ಕೂಡಿಸಿದ 117 ಇತ್ತು. ಈಗ ನಾಲ್ಕರಲ್ಲಿ ಯಾವ ಎರಡು ಹರಿದರೂ ಉಳಿದೆರಡರಿಂದ ಎಲ್ಲವೂ ಸಿಗುತ್ತದೆ. ಮೂಲದ 27, 45 ಎರಡೂ ಹೋದವೆನ್ನಿ: 117ರಲ್ಲಿ 72 ಕಳೆದರೆ 45, 72ರಲ್ಲಿ 45 ಕಳೆದರೆ 27. ಪಕ್ಕದಲ್ಲಿ ಕುಳಿತಿದ್ದ ಕಿರಾಣಿ ವ್ಯಾಪಾರಿಯೊಬ್ಬರು ಅಂಗೈ ಮೇಲೆ ಬೆರಳಿನಿಂದ ಬರೆದು ಮೂರು ಸಲ ತಾಳೆ ನೋಡಿದರು.

ಅಮೆರಿಕದ ಗಣಿತಜ್ಞರಾದ ಇರ್ವಿಂಗ್ ರೀಡ್ ಮತ್ತು ಗುಸ್ತಾವ್ ಸಾಲೊಮನ್ 1960ರಲ್ಲಿ ಪ್ರಕಟಿಸಿದ ಸಂಕೇತ ಪದ್ಧತಿಯ ಹುರುಳು ಇಷ್ಟೇ. ಒಂದು ಕಡತವನ್ನು ಆರು ತುಂಡು ಮಾಡಿ, ಲೆಕ್ಕದಿಂದ ಹುಟ್ಟಿದ ಮೂರು ತುಂಡುಗಳನ್ನು ಸೇರಿಸಿ, ಒಂಬತ್ತನ್ನೂ ಒಂಬತ್ತು ಬೇರೆ ಡಿಸ್ಕುಗಳಲ್ಲಿ ಇಟ್ಟರೆ ಯಾವ ಮೂರು ಕೆಟ್ಟರೂ ಕಡತ ಉಳಿಯುತ್ತದೆ. ಮೂರು ಪೂರ್ಣ ನಕಲು ಇಡಲು ಮೂರು ಪಟ್ಟು ಜಾಗ ಬೇಕಾದರೆ ಇದಕ್ಕೆ ಒಂದೂವರೆ ಪಟ್ಟು ಸಾಕು. ಅಂಗಡಿಯ ಗಲ್ಲಾಪೆಟ್ಟಿಗೆಗೆ ಅಂಟಿಸಿದ ಕ್ಯೂಆರ್ ಚೀಟಿಯ ಒಂದಿಷ್ಟು ಭಾಗ ಎಣ್ಣೆ ಕುಡಿದು ಕಪ್ಪಾಗಿದ್ದರೂ ಫೋನು ಅದನ್ನು ಓದುವುದು ಇದೇ ಗಣಿತದ ಬಲದಿಂದ.

ಇಲ್ಲಿಗೆ ನಿಲ್ಲಿಸಿದ್ದರೆ ಅದು ಇನ್ನೊಂದು ಹೊಗಳಿಕೆಯ ಭಾಷಣವಾಗುತ್ತಿತ್ತು. ಮುಂಡರಗಿ ಕಡೆಯ ಸೊಸೈಟಿಯೊಂದರ ಕಾರ್ಯದರ್ಶಿ ಎದ್ದು, ಡಿಸ್ಕು ಕೆಡುವ ಮಾತು ಬಿಡಿ, ನಮ್ಮ ಹುಡುಗನೇ ತಪ್ಪಿ ಒಂದು ಖಾತೆ ಅಳಿಸಿದರೆ ಏನು ಗತಿ ಎಂದು ಕೇಳಿದರು. ಆ ದಿನದ ಅತಿ ಒಳ್ಳೆಯ ಪ್ರಶ್ನೆ ಅದು. ಒಂಬತ್ತು ತುಂಡುಗಳ ವ್ಯವಸ್ಥೆ ಯಂತ್ರದ ಸಾವಿನಿಂದ ಕಾಯುತ್ತದೆ, ಮನುಷ್ಯನ ಬೆರಳಿನಿಂದ ಕಾಯುವುದಿಲ್ಲ. ಅಳಿಸು ಎಂದರೆ ಅದು ಒಂಬತ್ತೂ ಕಡೆ ನಿಷ್ಠೆಯಿಂದ ಅಳಿಸುತ್ತದೆ. ಅದಕ್ಕೆ ಹಳೆಯ ಆವೃತ್ತಿಗಳನ್ನು ಉಳಿಸಿಕೊಳ್ಳುವ ಏರ್ಪಾಡು ಬೇರೆ, ಬೇರೊಂದು ಊರಿನಲ್ಲಿ ಇಡುವ ನಕಲು, ಎಂದರೆ ಬ್ಯಾಕಪ್, ಬೇರೆ, ಮತ್ತು ಇವೆರಡೂ ಎಷ್ಟೋ ಕಡೆ ನಾವೇ ಕೇಳಿ, ಹೆಚ್ಚಿನ ಹಣ ಕೊಟ್ಟು ಹಾಕಿಸಿಕೊಳ್ಳಬೇಕಾದವು. ಫ್ರಾನ್ಸಿನ ಸ್ಟ್ರಾಸ್‌ಬರ್ಗಿನಲ್ಲಿ 2021ರ ಮಾರ್ಚ್ 10ರಂದು ಓವಿಎಚ್ ಕಂಪನಿಯ ದತ್ತಾಂಶ ಕೇಂದ್ರ ಸುಟ್ಟುಹೋದಾಗ ಬ್ಯಾಕಪ್ಪನ್ನೂ ಅದೇ ಆವರಣದಲ್ಲಿ ಇಟ್ಟಿದ್ದ ಗ್ರಾಹಕರು ಎರಡನ್ನೂ ಕಳೆದುಕೊಂಡರು. ದಕ್ಷಿಣ ಕೊರಿಯಾದ ಡೇಜಿಯಾನ್ ನಗರದಲ್ಲಿ 2025ರ ಸೆಪ್ಟೆಂಬರಿನಲ್ಲಿ ಲಿಥಿಯಂ ಬ್ಯಾಟರಿಯಿಂದ ಹೊತ್ತಿದ ಬೆಂಕಿಗೆ ಸರ್ಕಾರಿ ನೌಕರರ ಕಡತಗಳಿದ್ದ ಸಂಗ್ರಹವೊಂದರ 858 ಟೆರಾಬೈಟ್ ಮಾಹಿತಿ ಬಲಿಯಾಯಿತು. ಅದಕ್ಕೆ ಹೊರಗಿನ ನಕಲೇ ಇರಲಿಲ್ಲ.

ಭದ್ರತೆಯ ಮಾತಿನಲ್ಲಿ ಸಭಿಕರಿಗಿದ್ದ ಭಯ ಒಂದೇ: ನಮ್ಮ ಲೆಕ್ಕ ಬೇರೆಯವರ ಮನೆಯಲ್ಲಿದ್ದರೆ ಅವರು ನೋಡರೆ? ಇದಕ್ಕೆ ಬ್ಯಾಂಕಿನ ಲಾಕರು ಒಳ್ಳೆಯ ಉಪಮೆ, ಅಲ್ಲಿ ಬ್ಯಾಂಕಿನ ಕೀಲಿ ಮತ್ತು ಗ್ರಾಹಕರ ಕೀಲಿ ಎರಡೂ ಕೂಡಿದರೇ ಬಾಗಿಲು ತೆರೆಯುತ್ತದೆ. ಕ್ಲೌಡಿನಲ್ಲಿಟ್ಟ ಮಾಹಿತಿಯನ್ನು ಸಾಮಾನ್ಯವಾಗಿ 2001ರಲ್ಲಿ ಅಮೆರಿಕದ ಮಾನಕವಾದ ಎಇಎಸ್ ಪದ್ಧತಿಯಿಂದ ಗೂಢಲಿಪಿಗೆ ತಿರುಗಿಸಿರುತ್ತಾರೆ. ಅದನ್ನು ಮರಳಿ ಓದಲು ಬೇಕಾದ ಗುಟ್ಟಿನ ಸಂಖ್ಯೆಯೇ ಇಲ್ಲಿ ಕೀಲಿ. ಅದು 256 ಬಿಟ್ಟಿನದಾದರೆ, ಎಂದರೆ ಸೊನ್ನೆ, ಒಂದುಗಳ 256 ಸ್ಥಾನಗಳಷ್ಟು ಉದ್ದವಾದರೆ, ಸಾಧ್ಯವಿರುವ ಕೀಲಿಗಳ ಎಣಿಕೆ 78 ಅಂಕಿಗಳ ಸಂಖ್ಯೆ. ಒಂದೊಂದಾಗಿ ತಿರುವಿ ನೋಡುವ ಮಾತೇ ಇಲ್ಲ. ಆದರೆ ಇಲ್ಲೊಂದು ಸೂಕ್ಷ್ಮವಿದೆ. ನಾವು ಏನೂ ಹೇಳದಿದ್ದರೆ ಬಹುತೇಕ ಸೇವೆಗಳಲ್ಲಿ ಆ ಕೀಲಿ ಕಂಪನಿಯ ಬಳಿಯೇ ಇರುತ್ತದೆ. ಅದನ್ನು ನಮ್ಮಲ್ಲೇ ಇಟ್ಟುಕೊಳ್ಳಬಹುದು, ಆದರೆ ಆಗ ಅದನ್ನು ಕಳೆದುಕೊಂಡರೆ ಲಾಕರು ಒಡೆದುಕೊಡುವ ಕಮ್ಮಾರನೂ ಸಿಗುವುದಿಲ್ಲ. ಸಣ್ಣ ಸಂಸ್ಥೆಗಳಿಗೆ ಮೊದಲನೆಯ ಏರ್ಪಾಡೇ ಲೇಸು ಎಂಬುದು ನನ್ನ ಅಭಿಪ್ರಾಯ. ಅವರ ಅಪಾಯ ಬೇರೆ ಕಡೆ ಇದೆ.

ಕ್ಲೌಡ್ ಕಂಪನಿಗಳು ಜವಾಬ್ದಾರಿಯ ನಡುವೆ ಒಂದು ಗೆರೆ ಎಳೆಯುತ್ತವೆ. ಕಟ್ಟಡ, ಕರೆಂಟು, ಯಂತ್ರ, ಯಂತ್ರಗಳ ನಡುವಿನ ಗೋಡೆ ಅವರದು. ಯಾರಿಗೆ ಯಾವ ಕಡತ ಕಾಣಬೇಕು, ಪಾಸ್‌ವರ್ಡ್ ಯಾರಿಗೆ ಗೊತ್ತಿರಬೇಕು, ಕೆಲಸ ಬಿಟ್ಟುಹೋದ ಗುಮಾಸ್ತನ ಖಾತೆಯನ್ನು ಯಾವಾಗ ಮುಚ್ಚಬೇಕು ಎಂಬುದೆಲ್ಲ ನಮ್ಮದು. ಕಳ್ಳರು ಬರುವುದು ಹೆಚ್ಚಾಗಿ ನಮ್ಮ ಕಡೆಯ ಬಾಗಿಲಿನಿಂದ. ನಂತರ ಮುಂಡರಗಿ ಕಡೆಯ ಆ ಕಾರ್ಯದರ್ಶಿಗಳ ಕಚೇರಿಗೆ ನಾನು ಹೋದಾಗ ಅವರ ಪಾಸ್‌ವರ್ಡ್ ಗೋಡೆಯ ಕ್ಯಾಲೆಂಡರಿನಲ್ಲಿ ಅಮಾವಾಸ್ಯೆಯ ಚೌಕದೊಳಗೆ ನೀಲಿ ಮಸಿಯಲ್ಲಿ ಬರೆದಿತ್ತು, ಮೂವರು ನೌಕರರು ಅದನ್ನೇ ಬಳಸುತ್ತಿದ್ದರು. ಹಾಗೆಂದು ಎಲ್ಲವನ್ನೂ ನಮ್ಮ ಕಚೇರಿಯ ಯಂತ್ರದಲ್ಲೇ ಇಟ್ಟುಕೊಂಡರೆ ನಿಶ್ಚಿಂತೆ ಎನ್ನಲಾಗದು. 2022ರ ನವೆಂಬರಿನಲ್ಲಿ ದೆಹಲಿಯ ಏಮ್ಸ್ ಆಸ್ಪತ್ರೆಯ ಸರ್ವರುಗಳಿಗೆ, ಕಡತಗಳಿಗೆ ಬೀಗ ಜಡಿದು ಹಣ ಕೇಳುವ ಒತ್ತೆಹಣದ ತಂತ್ರಾಂಶ ನುಗ್ಗಿದಾಗ ಹಲವು ದಿನ ಚೀಟಿ, ವರದಿಗಳನ್ನು ಕೈಯಲ್ಲಿ ಬರೆಯಬೇಕಾಯಿತು. ಅದೇ ವರ್ಷದ ಏಪ್ರಿಲಿನಲ್ಲಿ ದೇಶದ ಸೈಬರ್ ಭದ್ರತೆ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಸರ್ಟ್-ಇನ್, ಇಂಥ ಘಟನೆಗಳನ್ನು 6 ಗಂಟೆಗಳೊಳಗೆ ತನಗೆ ತಿಳಿಸಬೇಕೆಂದು ಆದೇಶಿಸಿದೆ. ಜನರ ವೈಯಕ್ತಿಕ ಮಾಹಿತಿಯ ರಕ್ಷಣೆಗೆಂದು 2023ರಲ್ಲಿ ಬಂದ ಕಾಯ್ದೆಯಲ್ಲಿ ದಂಡ 250 ಕೋಟಿ ರೂಪಾಯಿವರೆಗೆ ಹೋಗಬಹುದು. ಮೊತ್ತ ಕೇಳಿ ಸಭೆಯಲ್ಲಿ ನಗೆ ಎದ್ದಿತ್ತು, ತಮ್ಮ ಸೊಸೈಟಿಯನ್ನು ಮಾರಿದರೂ ಅಷ್ಟಾಗದೆಂದು.

ಕಾರ್ಯದರ್ಶಿಗಳ ಕಚೇರಿಗೆ ನಾನು ಹೋದದ್ದು ಪಾಸ್‌ವರ್ಡ್ ನೋಡಲಲ್ಲ. ಬ್ಯಾಕಪ್ ಇದೆಯೋ ಇಲ್ಲವೋ ಎಂಬುದು ಅದರಿಂದ ಲೆಕ್ಕವನ್ನು ಮರಳಿ ಎಬ್ಬಿಸಿ ನೋಡಿದಾಗಲೇ ತಿಳಿಯುವುದು ಎಂದು ಉಪನ್ಯಾಸಕಿ ಹೇಳಿದ್ದು ಅವರ ಮನಸ್ಸಿನಲ್ಲಿ ಕೊರೆಯುತ್ತಿತ್ತು. ಕ್ಲೌಡಿಗೆ ಹೋಗುವ ಮೊದಲು ಈಗಿನದನ್ನು ಪರೀಕ್ಷಿಸೋಣ ಬರ್ರಿ ಎಂದು ಕರೆದಿದ್ದರು. ಕಸೂತಿಯ ಬಟ್ಟೆ ಹೊದಿಸಿದ ಕಂಪ್ಯೂಟರು, ಕರೆಂಟು ಹೋದಾಗಲೆಲ್ಲ ಕಿರುಗುಟ್ಟುವ ಯುಪಿಎಸ್, ತಿಜೋರಿಯ ಕೀಲಿಗೊಂಚಲಿಗೆ ಕಟ್ಟಿದ ಪೆನ್‌ಡ್ರೈವ್. ಅದರಲ್ಲಿದ್ದ ನಕಲನ್ನು ನನ್ನ ಲ್ಯಾಪ್‌ಟಾಪಿಗೆ ಇಳಿಸಿ ತೆರೆದೆವು. ಲೆಕ್ಕ ತಾಳೆಯಾಗುವಷ್ಟರಲ್ಲಿ ನಲವತ್ತು ನಿಮಿಷ ಹಿಡಿಯಿತು. ಕಚೇರಿ ನಿಂತರೆ ಎಷ್ಟು ಹೊತ್ತು ನಿಲ್ಲಬೇಕಾದೀತು ಎಂಬುದಕ್ಕೆ ಅದು ಅವರಿಗೆ ಸಿಕ್ಕ ಮೊದಲ ಅಳತೆ. ಎರಡನೆಯ ಅಳತೆ ಕೊನೆಯ ಪುಟದಲ್ಲಿತ್ತು. ನಾವು ಕುಳಿತದ್ದು ಶನಿವಾರ ಸಂಜೆ, ನಮೂದುಗಳು ಗುರುವಾರ ಮಧ್ಯಾಹ್ನಕ್ಕೆ ನಿಂತಿದ್ದವು. ‘ಎರಡೂವರಿ ದಿನ ಹೋದ್ವಲ್ರೀ’ ಎಂದವರು ಕಪಾಟಿನಿಂದ ರಸೀದಿ ಪುಸ್ತಕ ತೆಗೆದು, ಕಾರ್ಬನ್ ಪ್ರತಿಗಳನ್ನು ಒಂದೊಂದಾಗಿ ಎಣಿಸಿ, ಇಷ್ಟನ್ನು ಮತ್ತೆ ನಮೂದಿಸಲು ಎಷ್ಟು ಹೊತ್ತು ಬೇಕೆಂದು ಗಡಿಯಾರ ನೋಡಿಕೊಂಡು ಬರೆಯಲು ಕುಳಿತರು.